ನಕಾಶೆಯಿಂದ ಮರೆಯಾದ ಕ್ಷೇತ್ರ

ಗ್ರಾಮದ ಎಲ್ಲೆಯನ್ನು ನಾವು ಕಣ್ಣಾರೆ ಕಾಣಬಹುದು. ಒಂದು ಹಳ್ಳ, ಒಂದು ಹಳೆಯ ಆಲದ ಮರ, ಹಿರಿಯರು ನೆಟ್ಟ ಗಡಿಕಲ್ಲು, ಇವುಗಳಲ್ಲಿ ಯಾವುದಾದರೊಂದು ‘ನಿಮ್ಮೂರು ಇಲ್ಲಿಗೆ ಮುಗಿಯಿತು’ ಎಂದು ನಮಗೆ ತಿಳಿಸುತ್ತದೆ. ಜಿಲ್ಲೆಯ ಎಲ್ಲೆಯಲ್ಲಿ ರಸ್ತೆಯ ಪಕ್ಕಕ್ಕೆ ಸ್ವಾಗತ ಫಲಕವಿರುತ್ತದೆ. ಆದರೆ ಲೋಕಸಭಾ ಕ್ಷೇತ್ರದ ಎಲ್ಲೆಯನ್ನು ತೋರುವ ಕಲ್ಲು ಎಲ್ಲಿಯೂ ಕಾಣುವುದಿಲ್ಲ. ಅದು ಕಾಗದದ ಮೇಲೆ ಎಳೆದ ಗೆರೆ. ಹೊಲದ ನಡುವೆ, ಕಾಡಿನ ನಡುವೆ, ಒಮ್ಮೊಮ್ಮೆ ಒಂದೇ ಪೇಟೆಯ ಎರಡು ಬೀದಿಗಳ ನಡುವೆ ಅದು ಸದ್ದಿಲ್ಲದೆ ಹಾದು ಹೋಗುತ್ತದೆ. ಆದರೂ ನಮ್ಮ ಮತ ಯಾರ ಮತಗಳ ಜೊತೆ ಸೇರಿ ಎಣಿಕೆಯಾಗಬೇಕೆಂಬುದನ್ನು ನಿರ್ಧರಿಸುವುದು ಆ ಗೆರೆಯೇ. ಅಂಥ ಗೆರೆಯೊಂದರ ಕಥೆಯನ್ನು ಇಲ್ಲಿ ಹೇಳುತ್ತೇನೆ. ಒಂದು ಕಾಲದಲ್ಲಿ ಇಡೀ ದೇಶವೇ ತಿರುಗಿ ನೋಡಿದ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಇಂದು ಆ ರೂಪದಲ್ಲಿ ನಕಾಶೆಯಲ್ಲಿ ಇಲ್ಲ. ನಾನು ಹುಟ್ಟಿ ಬೆಳೆದದ್ದು ಆ ಕ್ಷೇತ್ರದಲ್ಲಿ.

1952ರ ಮೊದಲನೆಯ ಮಹಾಚುನಾವಣೆಯ ಕಾಲಕ್ಕೆ ಚಿಕ್ಕಮಗಳೂರಿಗೆ ಪ್ರತ್ಯೇಕ ಲೋಕಸಭಾ ಕ್ಷೇತ್ರವಿರಲಿಲ್ಲ. ನೆರೆಯ ಹಾಸನದೊಂದಿಗೆ ಸೇರಿ ಅದು ‘ಹಾಸನ–ಚಿಕ್ಕಮಗಳೂರು’ ಎನಿಸಿಕೊಂಡಿತ್ತು. 1967ರ ಚುನಾವಣೆಯ ವೇಳೆಗೆ ಅದು ತನ್ನದೇ ಹೆಸರಿನ ಕ್ಷೇತ್ರವಾಗಿತ್ತು. 1978ರಲ್ಲಿ ಅದರ ಎಲ್ಲೆಯೊಳಗೆ ಎಂಟು ವಿಧಾನಸಭಾ ಕ್ಷೇತ್ರಗಳಿದ್ದವು. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ಕಡೂರು, ಬೀರೂರು, ತರೀಕೆರೆ ಎಂಬ ಆರು ಘಟ್ಟದ ಮೇಲಿನವು. ಕಾರ್ಕಳ, ಬೆಳ್ತಂಗಡಿ ಎಂಬ ಎರಡು ಘಟ್ಟದ ಕೆಳಗಿನವು. ಮಲೆನಾಡಿನ ಕಾಫಿಯ ತೋಟಗಳೂ, ಕಡೂರು–ಬೀರೂರುಗಳ ಬಯಲುಸೀಮೆಯ ಹೊಲಗಳೂ, ಕರಾವಳಿ ಜಿಲ್ಲೆಯ ಭತ್ತದ ಗದ್ದೆಗಳೂ ಒಂದೇ ಗೆರೆಯೊಳಗೆ ಬಂದಿದ್ದವು. ಮೂಡಿಗೆರೆಯ ಕಡೆಯಿಂದ ಬೆಳ್ತಂಗಡಿಗೆ ಇಳಿಯಬೇಕಾದರೆ ಚಾರ್ಮಾಡಿ ಘಟ್ಟವನ್ನು ದಾಟಬೇಕು. ಮಾತು, ಬೆಳೆ, ಮಳೆ ಎಲ್ಲವೂ ಆ ತಿರುವುಗಳಲ್ಲಿ ಬದಲಾಗುತ್ತವೆ. ಆದರೂ ಅವರೆಲ್ಲರಿಗೂ ದೆಹಲಿಯಲ್ಲಿ ಇದ್ದವರು ಒಬ್ಬರೇ ಪ್ರತಿನಿಧಿ.

1977ರ ಮಹಾಚುನಾವಣೆಯಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ಉತ್ತರ ಪ್ರದೇಶದ ರಾಯ್ ಬರೇಲಿಯಲ್ಲಿ ಪರಾಭವಗೊಂಡರು. ಪ್ರಧಾನಿಯೊಬ್ಬರನ್ನು ಅವರ ಸ್ವಂತ ಕ್ಷೇತ್ರದ ಮತದಾರರೇ ಸೋಲಿಸಿದ ಆ ಘಟನೆ ದೇಶವನ್ನು ಬೆರಗುಗೊಳಿಸಿತು. ಮರುವರ್ಷ ಚಿಕ್ಕಮಗಳೂರಿನ ಸಂಸದರಾಗಿದ್ದ ಡಿ. ಬಿ. ಚಂದ್ರೇಗೌಡರು ಅವರಿಗಾಗಿ ತಮ್ಮ ಸ್ಥಾನವನ್ನು ತೆರವು ಮಾಡಿದರು. 1978ರ ನವೆಂಬರ್ 5ರಂದು ಉಪಚುನಾವಣೆ ನಡೆಯಿತು. ಇಂದಿರಾ ಗಾಂಧಿಯವರ ಎದುರು ಜನತಾ ಪಕ್ಷದಿಂದ ನಿಂತವರು ರಾಜ್ಯದ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು.

ಆಗ ನನಗೆ ಹದಿನೆಂಟು ವರ್ಷ. ಮಳೆಗಾಲ ಹಿಂದೆ ಸರಿದು ಕಾಫಿಯ ಹಣ್ಣು ಕೆಂಪೇರುತ್ತಿದ್ದ ಕಾಲವದು. ನಮ್ಮೂರ ಕೆಮ್ಮಣ್ಣಿನ ರಸ್ತೆಯಲ್ಲಿ ಅದುವರೆಗೆ ದಿನಕ್ಕೆ ಎರಡು ಬಸ್ಸುಗಳು ಬಂದರೆ ಹೆಚ್ಚು. ಆ ದಿನಗಳಲ್ಲಿ ಬಗೆಬಗೆಯ ವಾಹನಗಳೂ, ದೂರದೂರದ ಪತ್ರಕರ್ತರೂ, ನಾವು ಕೇಳರಿಯದ ಭಾಷೆಗಳೂ ಆ ಧೂಳಿನಲ್ಲಿ ಹಾದುಹೋದವು. ಕಾಲೇಜಿನ ಹುಡುಗರಾದ ನಾವು ಎರಡೂ ಪಕ್ಷಗಳ ಸಭೆಗಳಿಗೆ ಹೋಗಿ ನಿಂತು, ಎರಡೂ ಕಡೆಯ ಭಾಷಣಗಳನ್ನು ಕೇಳಿ, ದಾರಿಯುದ್ದಕ್ಕೂ ವಾದ ಮಾಡುತ್ತ ಮನೆಗೆ ಮರಳುತ್ತಿದ್ದೆವು. ಆದರೆ ಮತದಾನದ ದಿನ ನಮ್ಮ ವಾದಗಳಿಗೆ ಬೆಲೆಯಿರಲಿಲ್ಲ. ಮತ ನೀಡಲು ಆಗ ಇಪ್ಪತ್ತೊಂದು ವರ್ಷ ತುಂಬಿರಬೇಕಾಗಿತ್ತು. ನನ್ನ ತಾಯಿ ಓದು ಬರಹ ಅರಿಯದವರು. ಅವರು ಬೆಳಗ್ಗೆಯೇ ತೋಟದ ಕೆಲಸದ ಹೆಂಗಸರೊಡನೆ ಎರಡು ಮೈಲಿ ನಡೆದು ಮತ ಹಾಕಿ ಬಂದರು. ಬೆರಳಿನ ಶಾಯಿಯನ್ನು ನನಗೆ ತೋರಿಸಿದರು. “ಯಾರಿಗೆ ಹಾಕಿದೆ, ಅಮ್ಮ?” ಎಂದು ಕೇಳಿದೆ. “ಪೆಟ್ಟಿಗೆಗೆ ಹಾಕಿದ್ದು ಪೆಟ್ಟಿಗೆಯಲ್ಲೇ ಇರಲಿ ಕಣೋ” ಎಂದು ನಕ್ಕು ಒಳಗೆ ಹೋದರು. ಗುಪ್ತ ಮತದಾನದ ಮರ್ಮವನ್ನು ನಾನು ಮೊದಲು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಆ ಒಂದು ಮಾತಿನಿಂದ.

ಮತ ಎಣಿಕೆಯಾಯಿತು. ಇಂದಿರಾ ಗಾಂಧಿಯವರಿಗೆ 2,49,376 ಮತಗಳೂ ವೀರೇಂದ್ರ ಪಾಟೀಲರಿಗೆ 1,72,043 ಮತಗಳೂ ಬಂದಿದ್ದವು. ಗೆಲುವಿನ ಅಂತರ 77,333. ಇಲ್ಲಿಗೇ ಕಥೆ ಮುಗಿಯಲಿಲ್ಲ. ಮುಂದಿನ ತಿಂಗಳೇ, 1978ರ ಡಿಸೆಂಬರ್ 19ರಂದು, ಹಕ್ಕುಚ್ಯುತಿಯ ಆರೋಪದ ಮೇಲೆ ಲೋಕಸಭೆಯು ಅವರನ್ನು ಸದಸ್ಯತ್ವದಿಂದ ಉಚ್ಚಾಟಿಸಿತು. 1980ರ ಚುನಾವಣೆಯ ಬಳಿಕ ಅವರು ಮತ್ತೆ ಪ್ರಧಾನಿಯಾದರು. ಹಿಂದಿನ ಉಚ್ಚಾಟನೆಯ ನಿರ್ಣಯವನ್ನು 1981ರಲ್ಲಿ ಲೋಕಸಭೆಯೇ ರದ್ದುಗೊಳಿಸಿತು. ಸೋತ ವೀರೇಂದ್ರ ಪಾಟೀಲರು ಮುಂದೆ ಕಾಂಗ್ರೆಸ್ಸನ್ನು ಸೇರಿ 1989ರಲ್ಲಿ ಎರಡನೆಯ ಬಾರಿ ಕರ್ನಾಟಕದ ಮುಖ್ಯಮಂತ್ರಿಯಾದರು. ಚುನಾವಣೆಯ ಸೋಲು ಗೆಲುವುಗಳು ಆ ದಿನದ ತೀರ್ಪುಗಳು. ಮತದಾರನು ತನ್ನ ತೀರ್ಪನ್ನು ಮತ್ತೆ ಬರೆಯುವ ಹಕ್ಕನ್ನು ಎಂದಿಗೂ ಬಿಟ್ಟುಕೊಡುವುದಿಲ್ಲ.

ಇಷ್ಟು ಪ್ರಸಿದ್ಧವಾದ ಕ್ಷೇತ್ರ ಇಲ್ಲವಾದದ್ದು ಹೇಗೆ? ಅದನ್ನು ತಿಳಿಯಬೇಕಾದರೆ ಈ ಗೆರೆಗಳನ್ನು ಎಳೆಯುವವರು ಯಾರು, ಏಕೆ ಎಳೆಯುತ್ತಾರೆ ಎಂಬುದನ್ನು ಮೊದಲು ನೋಡಬೇಕು.

ಹಳೆಯ ಇಂಗ್ಲೆಂಡಿನ ಉದಾಹರಣೆಯೊಂದನ್ನು ಗಮನಿಸಿ. ಸಾಲ್ಸ್‌ಬರಿ ನಗರದ ಬಳಿ ಓಲ್ಡ್ ಸೇರಮ್ ಎಂಬ ದಿಬ್ಬವಿದೆ. ಮಧ್ಯಯುಗದಲ್ಲಿ ಅಲ್ಲಿ ಕೋಟೆಯೂ ಪಟ್ಟಣವೂ ಇದ್ದವು. ಕಾಲಕ್ರಮದಲ್ಲಿ ಜನ ಕೆಳಗಿನ ಬಯಲಿಗೆ ಇಳಿದು ಹೊಸ ಊರನ್ನು ಕಟ್ಟಿಕೊಂಡರು. ದಿಬ್ಬದ ಮೇಲೆ ಹುಲ್ಲು ಬೆಳೆಯಿತು. ಆದರೆ ಆ ಬರಿದಾದ ದಿಬ್ಬ 1832ರವರೆಗೂ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಲೇ ಇತ್ತು. ಅದೇ ಕಾಲದಲ್ಲಿ ಗಿರಣಿಗಳಿಂದ ತುಂಬಿ ಬೆಳೆದಿದ್ದ ಮ್ಯಾಂಚೆಸ್ಟರ್ ನಗರಕ್ಕೆ ತನ್ನದೆನ್ನುವ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಜನ ಹೋದರೂ ಗೆರೆ ಉಳಿದದ್ದರಿಂದ, ಜನ ಬಂದರೂ ಗೆರೆ ಬಾರದೆ ಇದ್ದುದರಿಂದ ಈ ಅನ್ಯಾಯ ನಡೆಯಿತು.

ಗೆರೆಯನ್ನು ಎಳೆಯದೆ ಬಿಡುವುದು ಒಂದು ಬಗೆಯ ತಪ್ಪಾದರೆ, ಸ್ವಾರ್ಥಕ್ಕಾಗಿ ಎಳೆಯುವುದು ಇನ್ನೊಂದು ಬಗೆಯ ತಪ್ಪು. 1812ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಎಲ್‌ಬ್ರಿಜ್ ಗೆರಿ ಎಂಬ ಗವರ್ನರು ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ಕ್ಷೇತ್ರಗಳನ್ನು ವಿಂಗಡಿಸಿದ ಶಾಸನಕ್ಕೆ ಸಹಿ ಹಾಕಿದರು. ಅವುಗಳಲ್ಲಿ ಒಂದು ಕ್ಷೇತ್ರ ಸಲಮಾಂಡರ್ ಎಂಬ ಹಲ್ಲಿಯಾಕಾರದ ಪ್ರಾಣಿಯಂತೆ ಅಂಕುಡೊಂಕಾಗಿತ್ತು. ಪತ್ರಿಕೆಯವರು ಗೆರಿಯ ಹೆಸರಿಗೆ ಆ ಪ್ರಾಣಿಯ ಹೆಸರಿನ ಬಾಲವನ್ನು ಸೇರಿಸಿ ‘ಗೆರಿಮ್ಯಾಂಡರ್’ ಎಂದು ಕರೆದರು. ಪಕ್ಷದ ಲಾಭಕ್ಕಾಗಿ ಎಲ್ಲೆಗಳನ್ನು ತಿರುಚುವ ಕುಯುಕ್ತಿಗೆ ಇಂದಿಗೂ ಅದೇ ಹೆಸರು.

ಈ ಎರಡು ತಪ್ಪುಗಳಿಂದಲೂ ಪಾರಾಗಲು ನಮ್ಮ ದೇಶದಲ್ಲಿ ಗೆರೆ ಎಳೆಯುವ ಹೊಣೆಯನ್ನು ಕ್ಷೇತ್ರ ಪುನರ್ವಿಂಗಡಣಾ ಆಯೋಗಕ್ಕೆ ವಹಿಸಲಾಗಿದೆ. 1952, 1962, 1972 ಮತ್ತು 2002ರ ಕಾಯಿದೆಗಳ ಮೂಲಕ ಇಂಥ ನಾಲ್ಕು ಆಯೋಗಗಳು ರಚನೆಯಾದವು. ಜನಸಂಖ್ಯೆ ಸಾಧ್ಯವಾದ ಮಟ್ಟಿಗೆ ಸಮನಾಗಿರಬೇಕು. ಕ್ಷೇತ್ರದ ಭಾಗಗಳು ಒಂದಕ್ಕೊಂದು ಹೊಂದಿಕೊಂಡಿರಬೇಕು. ಬೆಟ್ಟ ಹೊಳೆಗಳ ನೆಲೆ, ಆಡಳಿತದ ಎಲ್ಲೆ, ಸಂಚಾರದ ಸೌಕರ್ಯ, ಜನರ ಅನುಕೂಲ ಇವುಗಳನ್ನು ಗಮನಿಸಬೇಕು. ಇವು ಆಯೋಗದ ಮುಂದಿರುವ ಸೂತ್ರಗಳು. ಆಯೋಗವು ಮೊದಲು ತನ್ನ ಕರಡನ್ನು ಪ್ರಕಟಿಸುತ್ತದೆ. ಆಕ್ಷೇಪಣೆಗಳನ್ನು ಬಹಿರಂಗ ಸಭೆಗಳಲ್ಲಿ ಆಲಿಸುತ್ತದೆ. ಆಮೇಲೆ ಅಂತಿಮ ಆದೇಶವನ್ನು ಹೊರಡಿಸುತ್ತದೆ. ಆ ಆದೇಶಕ್ಕೆ ಕಾನೂನಿನ ಬಲವಿದೆ. ಅದರಲ್ಲಿ ಒಂದು ಗೆರೆಯನ್ನೂ ಸಂಸತ್ತು ತಿದ್ದುವಂತಿಲ್ಲ.

ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ನಾಲ್ಕನೆಯ ಆಯೋಗ 2001ರ ಜನಗಣತಿಯನ್ನು ಆಧರಿಸಿ ಎಲ್ಲೆಗಳನ್ನು ಹೊಸದಾಗಿ ಗುರುತಿಸಿತು. ಆ ಹೊಸ ಎಲ್ಲೆಗಳಂತೆ ದೇಶದಲ್ಲಿಯೇ ಮೊದಲು ನಡೆದ ಚುನಾವಣೆ 2008ರ ಮೇ ತಿಂಗಳ ನಮ್ಮ ಕರ್ನಾಟಕ ವಿಧಾನಸಭೆಯದು. ಚಿಕ್ಕಮಗಳೂರು ಎಂಬ ಹೆಸರಿನಲ್ಲಿ 2004ರಲ್ಲಿ ಕೊನೆಯ ಬಾರಿ ಆಯ್ಕೆಯಾದವರು ಡಿ. ಸಿ. ಶ್ರೀಕಂಠಪ್ಪನವರು. 2009ರ ಲೋಕಸಭಾ ಚುನಾವಣೆಯ ವೇಳೆಗೆ ಕಡೂರು ಹಾಸನ ಕ್ಷೇತ್ರಕ್ಕೂ, ಬೆಳ್ತಂಗಡಿ ದಕ್ಷಿಣ ಕನ್ನಡ ಕ್ಷೇತ್ರಕ್ಕೂ ಹೋಗಿದ್ದವು. ಬೀರೂರು ಎಂಬ ವಿಧಾನಸಭಾ ಕ್ಷೇತ್ರವೇ ಉಳಿದಿರಲಿಲ್ಲ. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಗಳು ಕುಂದಾಪುರ, ಉಡುಪಿ, ಕಾಪು, ಕಾರ್ಕಳಗಳೊಡನೆ ಕೂಡಿ ‘ಉಡುಪಿ–ಚಿಕ್ಕಮಗಳೂರು’ ಎಂಬ ಹೊಸ ಕ್ಷೇತ್ರವಾಗಿದ್ದವು.

ಆ ಚುನಾವಣೆಯಲ್ಲಿ ನನಗೆ ಕಡೂರು ಸೀಮೆಯ ಹಳ್ಳಿಯೊಂದರ ಶಾಲೆಯಲ್ಲಿ ಮತಗಟ್ಟೆಯ ಅಧಿಕಾರಿಯ ಕೆಲಸ ಬಿದ್ದಿತ್ತು. ಮತದಾನದ ಹಿಂದಿನ ಸಂಜೆ ಮತಯಂತ್ರವನ್ನು ಒಳಗಿರಿಸಿ ಶಾಲೆಯ ಜಗಲಿಯಲ್ಲಿ ಕುಳಿತಿದ್ದೆವು. ಊರಿನ ವೃದ್ಧರೊಬ್ಬರು ಕೋಲೂರಿಕೊಂಡು ಬಂದರು.

“ಮೇಷ್ಟ್ರೇ, ನಮ್ಮ ಜಿಲ್ಲಾ ಕಚೇರಿ ಚಿಕ್ಕಮಗಳೂರಿನಲ್ಲಿ. ಕೋರ್ಟು ಕಚೇರಿಗೆ ಅಂತ ಅಲೆಯೋದೂ ಅಲ್ಲಿಗೇ. ಓಟು ಮಾತ್ರ ಹಾಸನಕ್ಕೆ ಹೋಯಿತಲ್ಲ, ಇದು ಯಾವ ನ್ಯಾಯ? ಇಂದಿರಮ್ಮನವರು ನಿಂತಾಗ ಇದೇ ಶಾಲೆಯಲ್ಲಿ ಚಿಕ್ಕಮಗಳೂರಿಗೆ ಅಂತ ಓಟು ಹಾಕಿದವನು ನಾನು” ಎಂದರು. ಅವರ ಧ್ವನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಾಗಿತ್ತು.

ನಾನು ಒಂದು ಸೀಮೆಸುಣ್ಣದ ತುಂಡನ್ನು ತಂದು ಜಗಲಿಯ ಗೋಡೆಗೆ ಒರಗಿಸಿದ್ದ ಹಳೆಯ ಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದೆ. 2001ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 5,28,50,562. ವಿಧಾನಸಭೆಯ ಸ್ಥಾನಗಳು 224. ಭಾಗಿಸಿದರೆ ಒಂದು ಸ್ಥಾನಕ್ಕೆ ಸರಾಸರಿ ಸುಮಾರು 2,36,000 ಜನ. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. ಆ ಲೆಕ್ಕದಂತೆ ಜಿಲ್ಲೆಗೆ ಐದು ಸ್ಥಾನಗಳೂ ಪೂರ್ತಿಯಾಗಿ ಸಲ್ಲುವುದಿಲ್ಲ. ಹಿಂದೆ ಇದ್ದವು ಆರು, ಈಗ ಐದಾದವು. ಲೋಕಸಭೆಯ ಒಂದು ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಬೇಕು. ಇಪ್ಪತ್ತೆಂಟು ಎಂಟಲೆ ಇನ್ನೂರ ಇಪ್ಪತ್ನಾಲ್ಕು. ನೆರೆಯ ಉಡುಪಿ ಜಿಲ್ಲೆಗೂ ಐದೇ ಸ್ಥಾನ. ಎರಡೂ ಸೇರಿದರೆ ಹತ್ತು. ಎಂಟು ತುಂಬಿದ ಮೇಲೆ ಎರಡು ಹೊರಗೆ ಉಳಿಯುತ್ತವೆ. ಹಾಗೆ ಉಳಿದ ಬೈಂದೂರು ಶಿವಮೊಗ್ಗಕ್ಕೂ, ಕಡೂರು ಹಾಸನಕ್ಕೂ ಸೇರಿದವು. ಎರಡು ಕ್ಷೇತ್ರಗಳಾಗಿದ್ದ ಉಡುಪಿ, ಚಿಕ್ಕಮಗಳೂರುಗಳು ಹೀಗೆ ಒಂದಾದವು. ರಾಜ್ಯದ ಒಟ್ಟು ಸ್ಥಾನಗಳು ಮಾತ್ರ ಇಪ್ಪತ್ತೆಂಟಾಗಿಯೇ ಉಳಿದವು. ಏಕೆಂದರೆ ಜನ ಕಿಕ್ಕಿರಿದ ಬೆಂಗಳೂರಿನಲ್ಲಿ ಉತ್ತರ, ದಕ್ಷಿಣ ಎಂಬ ಎರಡರ ಜೊತೆಗೆ ‘ಬೆಂಗಳೂರು ಕೇಂದ್ರ’ ಎಂಬ ಮೂರನೆಯ ಕ್ಷೇತ್ರ ಹುಟ್ಟಿತ್ತು.

ವೃದ್ಧರು ಬಹಳ ಹೊತ್ತು ಆ ಹಲಗೆಯನ್ನೇ ನೋಡಿದರು. ಕೊನೆಗೆ, “ಹಾಗಾದರೆ ನಮ್ಮ ಇಬ್ಬರು ಹುಡುಗರು ಬೆಂಗಳೂರಿಗೆ ಹೋಗಿ ಕೂತರಲ್ಲ, ಅವರ ಹಿಂದೆಯೇ ನಮ್ಮ ಗೆರೆಯೂ ಹೋಯಿತು ಅನ್ನಿ” ಎಂದರು.

ಆ ಮಾತಿಗೆ ನಾನು ತಟ್ಟನೆ ಉತ್ತರ ಕೊಡಲಾರದೆ ಹೋದೆ. ಲೆಕ್ಕ ಸರಿಯಾಗಿತ್ತು, ಅವರ ನೋವೂ ಸುಳ್ಳಾಗಿರಲಿಲ್ಲ. ಜನ ಹೆಚ್ಚಿದ ಕಡೆ ಪ್ರತಿನಿಧಿಗಳು ಹೆಚ್ಚದಿದ್ದರೆ ಅಲ್ಲಿನ ಒಬ್ಬನ ಮತದ ತೂಕ ಕಡಿಮೆಯಾಗುತ್ತದೆ. ಅದು ಓಲ್ಡ್ ಸೇರಮಿನ ಅನ್ಯಾಯ. ಆದರೆ ತಲೆಗಳನ್ನಷ್ಟೇ ಎಣಿಸುತ್ತ ಹೋದರೆ, ಜನ ವಿರಳವಾದ ಬೆಟ್ಟದ ಊರಿನ ಧ್ವನಿ ವರುಷ ವರುಷಕ್ಕೂ ದೂರವಾಗುತ್ತದೆ. ರಾಜ್ಯ ರಾಜ್ಯಗಳ ನಡುವೆಯೂ ಇದೇ ಪ್ರಶ್ನೆ ಎದ್ದಿದೆ. ಕುಟುಂಬ ಯೋಜನೆಯನ್ನು ಚೆನ್ನಾಗಿ ನಡೆಸಿದ ರಾಜ್ಯ ಅದೇ ಕಾರಣದಿಂದ ಲೋಕಸಭೆಯಲ್ಲಿ ಸ್ಥಾನಗಳನ್ನು ಕಳೆದುಕೊಳ್ಳಬಾರದೆಂದು, 1976ರ ಸಂವಿಧಾನದ 42ನೆಯ ತಿದ್ದುಪಡಿ ರಾಜ್ಯಗಳ ಸ್ಥಾನಸಂಖ್ಯೆಯನ್ನು 1971ರ ಜನಗಣತಿಗೆ ಕಟ್ಟಿ ನಿಲ್ಲಿಸಿತು. 84ನೆಯ ತಿದ್ದುಪಡಿ ಆ ಅವಧಿಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. ನಾಲ್ಕನೆಯ ಆಯೋಗ ಕರ್ನಾಟಕದ ಒಳಗೆ ಗೆರೆಗಳನ್ನು ಬದಲಿಸಿದರೂ ಇಪ್ಪತ್ತೆಂಟನ್ನು ಮುಟ್ಟದೆ ಇದ್ದುದು ಇದರಿಂದಲೇ. ಜನಸಂಖ್ಯೆಯ ನ್ಯಾಯವನ್ನೂ ನೆಲದ ನ್ಯಾಯವನ್ನೂ ತೂಗಿಸುವುದು ಸುಲಭದ ಕೆಲಸವಲ್ಲ. ಆ ತಕ್ಕಡಿಯನ್ನು ಮುಂದೆ ಹಿಡಿಯಬೇಕಾದವರು ನೀವು.

ಮರುದಿನ ಬೆಳಗ್ಗೆ ಮತಗಟ್ಟೆಯ ಬಾಗಿಲು ತೆರೆದಾಗ ಸಾಲಿನ ಮೊದಲಿಗೆ ನಿಂತಿದ್ದವರು ಅದೇ ವೃದ್ಧರು. ಮೊದಲಿನಂತೆಯೇ ಬೆರಳು ಮುಂದೆ ಚಾಚಿದರು. ಗೆರೆ ಬದಲಾಗಿತ್ತು, ಬೆರಳು ಬದಲಾಗಿರಲಿಲ್ಲ.

ಆ ಬೆರಳಿನ ಬೆಲೆ ಎಷ್ಟೆಂದು ತಿಳಿಯಲು ನಮ್ಮ ರಾಜ್ಯದ ಇನ್ನೊಂದು ಫಲಿತಾಂಶವನ್ನು ನೋಡಿ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಿಂದ ಆರ್. ಧ್ರುವನಾರಾಯಣ ಅವರು ಗೆದ್ದರು. ಅವರು ಪಡೆದ ಮತಗಳು 40,752. ಎದುರಾಳಿ ಎ. ಆರ್. ಕೃಷ್ಣಮೂರ್ತಿಯವರು ಪಡೆದದ್ದು 40,751. ಅಂತರ ಒಂದೇ ಒಂದು ಮತ! ಆ ದಿನ ‘ನನ್ನ ಒಂದು ಮತದಿಂದ ಏನಾಗುತ್ತದೆ?’ ಎಂದು ಮನೆಯಲ್ಲೇ ಉಳಿದ ಪ್ರತಿಯೊಬ್ಬನಿಗೂ ಫಲಿತಾಂಶ ಉತ್ತರ ಕೊಟ್ಟಿತು. 77,333 ಮತಗಳ ಅಂತರದಿಂದ ಗೆದ್ದವರಿಗೂ, ಒಂದು ಮತದ ಅಂತರದಿಂದ ಗೆದ್ದವರಿಗೂ ಸದನದಲ್ಲಿ ಸಿಗುವುದು ಒಂದೊಂದೇ ಆಸನ. ಸಂತೇಮರಹಳ್ಳಿ ಕ್ಷೇತ್ರವೂ 2008ರ ಪುನರ್ವಿಂಗಡಣೆಯಲ್ಲಿ ಇಲ್ಲವಾಯಿತು. ಆ ಒಂದು ಮತದ ಪಾಠ ಮಾತ್ರ ಉಳಿದುಕೊಂಡಿತು.

ಇನ್ನೊಂದು ನೆನಪನ್ನು ಹೇಳಿ ಮುಗಿಸುತ್ತೇನೆ. ಸಂವಿಧಾನದ 61ನೆಯ ತಿದ್ದುಪಡಿಯಿಂದ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಅದಾದ ಮೇಲೆ ಬಂದ 1989ರ ಮಹಾಚುನಾವಣೆಯಲ್ಲಿ ನಾನು ಹೊಸದಾಗಿ ಮೇಷ್ಟ್ರಾಗಿದ್ದೆ. ಮತಗಟ್ಟೆಯಲ್ಲಿ ಶಾಯಿ ಹಚ್ಚುವ ಕೆಲಸ ನನ್ನದು. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನ ಸರ್ಕಾರಿ ಕಾರ್ಖಾನೆಯಲ್ಲಿ. ಹದಿನೆಂಟು ತುಂಬಿದ ಹುಡುಗಿಯೊಬ್ಬಳು ತನ್ನ ಅಜ್ಜಿಯ ಕೈ ಹಿಡಿದು ಬಂದಳು. ಅಜ್ಜಿಯ ಸುಕ್ಕುಗಟ್ಟಿದ ಬೆರಳಿಗೂ, ಮೊಮ್ಮಗಳ ಎಳೆಯ ಬೆರಳಿಗೂ ಒಂದೇ ಸೀಸೆಯ ಶಾಯಿಯನ್ನು ಹಚ್ಚಿದೆ. ಹನ್ನೊಂದು ವರ್ಷಗಳ ಹಿಂದೆ ಹದಿನೆಂಟರ ನಾನು ಮತಗಟ್ಟೆಯ ಹೊರಗೆ ನಿಂತಿದ್ದದ್ದು ನೆನಪಾಯಿತು. ಓದಿದವಳದೂ ಓದದವಳದೂ, ಹಿರಿಯಳದೂ ಕಿರಿಯಳದೂ ಮತ ಒಂದೇ, ಅದರ ಮೌಲ್ಯವೂ ಒಂದೇ ಎಂಬ ತತ್ತ್ವವನ್ನು ಡಾ. ಬಿ. ಆರ್. ಅಂಬೇಡ್ಕರ್ ಅವರು 1949ರಲ್ಲಿ ಸಂವಿಧಾನ ಸಭೆಯಲ್ಲಿ ಸ್ಪಷ್ಟವಾಗಿ ಸಾರಿದ್ದರು. ಕ್ಷೇತ್ರಗಳ ಗೆರೆಗಳನ್ನು ಆಗಾಗ ಅಳಿಸಿ ಎಳೆಯುವುದು ಆ ಸಮಾನತೆಯನ್ನು ಕಾಯುವುದಕ್ಕಾಗಿಯೇ.

ಚಿಕ್ಕಮಗಳೂರು ಎಂಬ ಲೋಕಸಭಾ ಕ್ಷೇತ್ರವನ್ನು ಇಂದಿನ ನಕಾಶೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಆದರೆ ಚಾರ್ಮಾಡಿಯ ತಿರುವುಗಳು ಅಲ್ಲೇ ಇವೆ. ಕಡೂರಿನ ಹೊಲಗಳೂ ಅಲ್ಲೇ ಇವೆ. ಅಲ್ಲಿನ ಜನ ಬೇರೆ ಬೇರೆ ಹೆಸರಿನ ಕ್ಷೇತ್ರಗಳಲ್ಲಿ ಸಾಲು ನಿಂತು ಇಂದಿಗೂ ಮತ ನೀಡುತ್ತಿದ್ದಾರೆ. ಕ್ಷೇತ್ರವನ್ನು ನಕಾಶೆ ಗುರುತಿಸುತ್ತದೆ. ಅದಕ್ಕೆ ಜೀವ ಕೊಡುವವರು ಆ ಸಾಲಿನಲ್ಲಿ ನಿಂತವರು. ಇನ್ನು ಕೆಲವೇ ವರ್ಷಗಳಲ್ಲಿ ಆ ಸಾಲಿನಲ್ಲಿ ನಿಮಗೂ ಒಂದು ಜಾಗ ಕಾದಿದೆ.

ಶಬ್ದಾರ್ಥ

ಎಲ್ಲೆ – ಗಡಿ, ಮೇರೆ
ಉಪಚುನಾವಣೆ – ಅವಧಿಯ ನಡುವೆ ತೆರವಾದ ಸ್ಥಾನಕ್ಕೆ ನಡೆಯುವ ಚುನಾವಣೆ
ಪರಾಭವ – ಸೋಲು
ಹಕ್ಕುಚ್ಯುತಿ – ಸದನದ ವಿಶೇಷ ಹಕ್ಕಿಗೆ ಉಂಟಾದ ಭಂಗ
ಉಚ್ಚಾಟಿಸು – ಹೊರಹಾಕು
ಪುನರ್ವಿಂಗಡಣೆ – ಮತ್ತೆ ಹೊಸದಾಗಿ ಭಾಗ ಮಾಡುವುದು
ಕುಯುಕ್ತಿ – ಕೆಟ್ಟ ಉಪಾಯ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ:
1. 1978ರ ಉಪಚುನಾವಣೆಯಲ್ಲಿ ಲೇಖಕರು ಏಕೆ ಮತ ನೀಡಲಿಲ್ಲ?
2. ಹೊಸ ಎಲ್ಲೆಗಳಂತೆ ದೇಶದಲ್ಲಿ ಮೊದಲು ನಡೆದ ಚುನಾವಣೆ ಯಾವುದು?
3. ಸಂತೇಮರಹಳ್ಳಿಯ 2004ರ ಫಲಿತಾಂಶದ ವಿಶೇಷವೇನು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ:
1. ಓಲ್ಡ್ ಸೇರಮ್ ಮತ್ತು ಮ್ಯಾಂಚೆಸ್ಟರ್‌ಗಳ ಉದಾಹರಣೆಯಿಂದ ತಿಳಿಯುವ ಅನ್ಯಾಯ ಯಾವುದು?
2. ಪುನರ್ವಿಂಗಡಣಾ ಆಯೋಗ ಯಾವ ಯಾವ ಅಂಶಗಳನ್ನು ಗಮನಿಸುತ್ತದೆ?
3. ಕಡೂರು ಹಾಸನ ಕ್ಷೇತ್ರಕ್ಕೆ ಸೇರಿದ ಬಗೆಯನ್ನು ಲೆಕ್ಕದೊಡನೆ ವಿವರಿಸಿ.

ಇ) ಸಂದರ್ಭಸಹಿತ ವಿವರಿಸಿ:
1. “ಪೆಟ್ಟಿಗೆಗೆ ಹಾಕಿದ್ದು ಪೆಟ್ಟಿಗೆಯಲ್ಲೇ ಇರಲಿ ಕಣೋ.”
2. “ಅವರ ಹಿಂದೆಯೇ ನಮ್ಮ ಗೆರೆಯೂ ಹೋಯಿತು ಅನ್ನಿ.”

ಈ) ಚಟುವಟಿಕೆ: ನಿಮ್ಮ ಊರು ಯಾವ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ? ಅದರಲ್ಲಿರುವ ಎಂಟು ವಿಧಾನಸಭಾ ಕ್ಷೇತ್ರಗಳು ಯಾವುವು? ಅವು ಎಷ್ಟು ಜಿಲ್ಲೆಗಳಲ್ಲಿ ಹರಡಿವೆ? ಮನೆಯ ಹಿರಿಯರನ್ನು ಕೇಳಿ, ನಕಾಶೆ ಬರೆದು ಗುರುತಿಸಿ.